ಹೊಳೆ ದಂಡೆಯಲ್ಲಿ ನಾಯಿ ಜೊತೆ



ಕೊಳ್ಳೇಗಾಲದ ಕಡೆ ಬೆಳಗಿನ ಆರು ಗಂಟೆಗೆ ನಾಲೆ ಏರಿ ಮೇಲೆ ನಿಂತರೆ ಊರಿನ ಅರ್ಧ ಬದುಕು ಕಣ್ಣೆದುರೇ ಹಾದುಹೋಗುತ್ತದೆ. ಡೇರಿಗೆ ಹೊರಟ ಹಾಲಿನ ಕ್ಯಾನು, ಗದ್ದೆಗೆ ನೀರು ತಿರುಗಿಸಲು ಹೆಗಲ ಮೇಲೆ ಸನಿಕೆ ಇಟ್ಟುಕೊಂಡ ರೈತರು, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಹೆಂಗಸರು, ಮೇವಿಗೆ ಹೊರಟ ಎಮ್ಮೆ, ಕುರಿಮಂದೆ. ಸಕ್ಕರೆ ಕಾಯಿಲೆಗೆ ನಡಿಗೆಯೇ ಮದ್ದು ಎಂದು ಡಾಕ್ಟರು ಹೇಳಿದ್ದನ್ನು ನಂಬಿ ಬಿರುಸಾಗಿ ಹೆಜ್ಜೆ ಹಾಕುವ ನಿವೃತ್ತ ಮೇಷ್ಟರು. ಈಚೆಗೆ ಇವರ ಸಾಲಿಗೆ ಇನ್ನೂ ಕೆಲವರು ಸೇರಿಕೊಂಡಿದ್ದಾರೆ. ಕೈಯಲ್ಲಿ ಹಗ್ಗ ಹಿಡಿದು ನಾಯಿ ನಡೆಸುವವರು, ಸೈಕಲ್ ತುಳಿಯುತ್ತ ಪಕ್ಕದಲ್ಲಿ ನಾಯಿ ಓಡಿಸುವ ಹುಡುಗರು.

ಇವತ್ತಿನ ಮಾತು ಇವರನ್ನು ಕುರಿತದ್ದು. ಕೊಳ್ಳೇಗಾಲ, ಯಳಂದೂರು, ಹನೂರು ಒಂದರ ಮಗ್ಗುಲಿಗೆ ಒಂದು ಇರುವ ತಾಲ್ಲೂಕುಗಳು. ಬಸ್ಸು ಹತ್ತಿದರೆ ಒಂದೇ ದಿನದಲ್ಲಿ ಮೂರನ್ನೂ ಸುತ್ತಿ ಬರಬಹುದು. ಆದರೆ ನಾಯಿ ಜೊತೆ ನೀರಿನ ದಂಡೆ ಹಿಡಿದು ನಡೆಯುವವರಿಗೆ ಮೂರೂ ಕಡೆ ನಿಯಮ ಬೇರೆ ಬೇರೆ. ಬಯಲಿನ ಏರಿ ಮೇಲೆ ನಾಯಿಗೆ ಜಾಗವಿದೆ. ಬೆಟ್ಟದ ಬುಡ ಹತ್ತಿರವಾದಂತೆ ಹಗ್ಗ ಗಿಡ್ಡವಾಗಬೇಕು. ಕಾಡಿನೊಳಗಿನ ಹೊಳೆಗಂತೂ ನಾಯಿ ಬರಲೇಬಾರದು. ಯಾಕೆ ಎನ್ನುವುದಕ್ಕೆ ಕಾರಣ ಈ ನೆಲದಲ್ಲೇ ಇದೆ.

ಮೊದಲು ನೀರಿನ ದಾರಿ ನೋಡೋಣ. ಕಾವೇರಿ ಕೊಳ್ಳೇಗಾಲ ತಾಲ್ಲೂಕಿನ ಬಡಗಣ ಅಂಚು ಹಿಡಿದು ಹರಿದು ಶಿವನಸಮುದ್ರದಲ್ಲಿ ಎರಡಾಗಿ ಒಡೆದು, ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕುತ್ತಾಳೆ. ಊರಿನವರು ಹೊನ್ನುಹೊಳೆ ಎಂದೂ ಕರೆಯುವ ಸುವರ್ಣಾವತಿ, ಚಾಮರಾಜನಗರದ ಕಡೆಯಿಂದ ಬಂದು ಯಳಂದೂರನ್ನು ಹಾದು ಕಾವೇರಿಯನ್ನು ಸೇರುತ್ತದೆ. ಇವೆರಡರ ಜೊತೆಗೆ ಮನುಷ್ಯರು ತೋಡಿದ ಹೊಳೆಯೊಂದಿದೆ. 1974ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಬಿನಿ ಅಣೆಕಟ್ಟೆ ಮುಗಿದ ಮೇಲೆ ಅದರ ಬಲದಂಡೆ ನಾಲೆಯ ನೀರು ಯಳಂದೂರು, ಕೊಳ್ಳೇಗಾಲದ ಗದ್ದೆ ಕೆರೆಗಳವರೆಗೂ ಬಂತು. ನಾಲೆ ಎಲ್ಲೆಲ್ಲಿ ಹರಿಯಿತೋ ಅಲ್ಲೆಲ್ಲ ಪಕ್ಕದಲ್ಲೊಂದು ಏರಿ ಎದ್ದಿತು, ಏರಿ ಮೇಲೊಂದು ದಾರಿ ಆಯಿತು. ಅದು ಕೆಲವು ಕಡೆ ಡಾಂಬರು, ಕೆಲವು ಕಡೆ ಜಲ್ಲಿ, ಉಳಿದ ಕಡೆ ಬರೀ ಮಣ್ಣು.

ಈ ದಾರಿ ನಡಿಗೆಗಾಗಿ ಆದದ್ದಲ್ಲ. ಬಿರುಕು ಬಿಟ್ಟ ದಂಡೆ ನೋಡಲು, ತೂಬು ಎತ್ತಲು ಇಳಿಸಲು, ಹೂಳು ತೆಗೆಯುವ ಯಂತ್ರ ತರಲು ನೀರಾವರಿ ಇಲಾಖೆಗೆ ಬೇಕಿತ್ತು, ಅದಕ್ಕೆ ಮಾಡಿದ್ದು. ಬ್ರಿಟನ್ನಿನಲ್ಲೂ ಹೀಗೇ ಆಗಿದೆ. ಅಲ್ಲಿ ಕಾಲುವೆಯ ಪಕ್ಕದ ದಾರಿಗಳು ಹುಟ್ಟಿದ್ದು ದೋಣಿ ಎಳೆಯುವ ಕುದುರೆಗಳಿಗಾಗಿ. ದೋಣಿ ವ್ಯಾಪಾರ ನಿಂತುಹೋಯಿತು, ದಾರಿ ಉಳಿಯಿತು. 2012ರಿಂದ ಒಂದು ಸಾರ್ವಜನಿಕ ಟ್ರಸ್ಟು ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು 3,200 ಕಿಲೋಮೀಟರ್ ಕಾಲುವೆ, ನದಿಗಳನ್ನು ನೋಡಿಕೊಳ್ಳುತ್ತಿದೆ. ಕುದುರೆ ನಡೆದ ಕಡೆ ಈಗ ಜನ ನಾಯಿ ನಡೆಸುತ್ತಾರೆ, ಸೈಕಲ್ ಹೊಡೆಯುತ್ತಾರೆ. ಒಂದು ವ್ಯತ್ಯಾಸ ಮಾತ್ರ ಮರೆಯುವಂತಿಲ್ಲ. ಕೊಳ್ಳೇಗಾಲದ ಏರಿಯ ಕೆಲಸ ಇನ್ನೂ ನಿಂತಿಲ್ಲ. ಇದು ಇವತ್ತಿಗೂ ಬೇಸಾಯದ ದಾರಿ. ನಾಯಿ ಜೊತೆ ಬರುವವರು ಈ ದಾರಿಗೆ ಹೊಸಬರು. ಎದುರಿಗೆ ಮಂದೆ ಬಂದರೆ ನಾಯಿಯನ್ನು ಬದಿಗೆ ಎಳೆದುಕೊಂಡು ನಿಲ್ಲಬೇಕಾದವರು ಅವರೇ.

ಏರಿ ಮೇಲೆ ಮೊದಲ ಅಪಾಯ ನೀರೇ. ಮಣ್ಣಿನ ನಾಲೆಗೆ ಬಿದ್ದ ನಾಯಿ ಹೇಗೋ ಪರಚಿಕೊಂಡು ಮೇಲೆ ಬರುತ್ತದೆ. ಆದರೆ ನೀರು ಇಂಗಿ ಹೋಗಬಾರದೆಂದು ಸಿಮೆಂಟು ಹೊದಿಸಿದ ನಾಲೆಯ ಸಂಗತಿ ಬೇರೆ. ಇಳಿಜಾರು ಗೋಡೆ, ಅದರ ಮೇಲೆ ನೀರಿನ ಮಟ್ಟದಲ್ಲಿ ಅಂಗೈ ಅಗಲದ ಹಸಿರು ಪಾಚಿ. ನೀರು ಕುಡಿಯಲು ಬಗ್ಗಿದ ನಾಯಿಯ ಮುಂಗಾಲು ಆ ಪಾಚಿ ಮೇಲೆ ಬಿದ್ದರೆ ಸಾಕು, ಜಾರಿ ಒಳಗೆ ಹೋಗುತ್ತದೆ. ಈಜು ಬರುವುದರಿಂದ ಕೂಡಲೇ ಮುಳುಗುವುದಿಲ್ಲ. ಬಿದ್ದ ಜಾಗದಲ್ಲೇ ಹತ್ತಲು ನೋಡುತ್ತದೆ, ಉಗುರು ಸಿಮೆಂಟಿನ ಮೇಲೆ ಕರಕರ ಎನ್ನುತ್ತದೆ, ಮತ್ತೆ ಜಾರುತ್ತದೆ. ಸೋತು ಸುಸ್ತಾದ ಮೇಲೆ ನೀರಿನ ಸೆಳೆತ ಎಳೆದುಕೊಂಡು ಹೋಗುತ್ತದೆ. ಅದನ್ನು ಎತ್ತಲು ಇಳಿದ ಯಜಮಾನನಿಗೂ ಅದೇ ಪಾಚಿ, ಅದೇ ಇಳಿಜಾರು.

ಇಂಥ ಹೊತ್ತಿನಲ್ಲಿ ನೀರಿಗೆ ಇಳಿಯಬಾರದು. ಬಟ್ಟೆ ಒಗೆಯಲು, ದನ ತೊಳೆಯಲು ನಾಲೆಗೆ ಅಲ್ಲಲ್ಲಿ ಮೆಟ್ಟಿಲು ಕಟ್ಟಿರುತ್ತಾರೆ. ನೀರು ಹರಿಯುವ ಕಡೆಗೆ ಮುಂದಿನ ಮೆಟ್ಟಿಲು ಎಲ್ಲಿದೆ ಎಂದು ನೋಡಿಕೊಂಡು, ದಂಡೆ ಮೇಲೇ ಓಡುತ್ತ ನಾಯಿಯನ್ನು ಹೆಸರು ಹಿಡಿದು ಕೂಗಿ ಅಲ್ಲಿಗೆ ಕರೆದುಕೊಳ್ಳಬೇಕು. ಕೊರಳಪಟ್ಟಿಗಿಂತ ಎದೆಗೂ ಹೆಗಲಿಗೂ ಸುತ್ತುವ ಪಟ್ಟಿ ಒಳ್ಳೆಯದು. ಹಗ್ಗ ಹಿಡಿದು ಮೇಲಕ್ಕೆ ಎಳೆದರೂ ಕೊರಳು ಬಿಗಿಯುವುದಿಲ್ಲ. ದಿನಾ ನಡೆಯುವ ಏರಿಯಲ್ಲಿ ಮೆಟ್ಟಿಲು ಎಲ್ಲೆಲ್ಲಿವೆ ಎನ್ನುವುದು ಮೊದಲೇ ಗೊತ್ತಿರಬೇಕು. ನಾಲೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ನಾಯಿ ಏರಿಯ ಹೊರಗಡೆ, ಮನುಷ್ಯ ನೀರಿನ ಕಡೆ, ಹೀಗೆ ನಡೆಯುವುದನ್ನು ರೂಢಿ ಮಾಡಿಕೊಂಡರೆ ಅರ್ಧ ಅಪಾಯ ತಪ್ಪಿತು.

ಎರಡನೆಯದು ಬೇರೆ ನಾಯಿಗಳು. ಮನೆಯೊಳಗೆ ಸಾಕಿದ ಲ್ಯಾಬ್ರಡಾರಿಗೆ ಏರಿ ಒಂದು ವಿಹಾರ. ಗದ್ದೆಯ ಪಂಪ್‌ಸೆಟ್ ಮನೆ ಕಾಯುವ ನಾಟಿ ನಾಯಿಗೆ ಅದು ತನ್ನ ಸರಹದ್ದು. ಮೋರಿಯ ಕೆಳಗೆ ಮರಿ ಹಾಕಿದ ತಾಯಿ ನಾಯಿಗೆ ಅದು ಪ್ರಾಣದ ಪ್ರಶ್ನೆ. ಅದಕ್ಕೇ ಅನುಭವವಿದ್ದ ಕುರಿಗಾಹಿಗಳು ದೂರದಿಂದಲೇ ಎಚ್ಚರಿಸುತ್ತಾರೆ: “ಸಾ, ನಾಯಿ ವಸಿ ಹಿಡ್ಕಳಿ, ಮುಂದ ಮರಿ ಹಾಕಿರ ನಾಯಿ ಅದ.” ಆ ಮಾತು ಕೇಳಿದ ಮೇಲೆ ವಾದಕ್ಕೆ ಜಾಗವಿಲ್ಲ. ಬಂದ ದಾರಿಯಲ್ಲೇ ತಿರುಗಬೇಕು, ಇಲ್ಲವೇ ಗದ್ದೆ ಬದುವಿಗೆ ಇಳಿದು ಬಳಸಿಕೊಂಡು ಹೋಗಬೇಕು. ಎದುರು ನಾಯಿ ಬಂದಾಗ ಹಗ್ಗವನ್ನು ಬಿಗಿಯಾಗಿ ಜಗ್ಗಿದರೆ ನಮ್ಮ ನಾಯಿಯ ಮೈ ಸೆಟೆಯುತ್ತದೆ, ಎದುರಿನದು ಅದನ್ನು ಜಗಳಕ್ಕೆ ಕರೆದಂತೆಯೇ ಓದಿಕೊಳ್ಳುತ್ತದೆ. ಹಗ್ಗ ಗಿಡ್ಡ ಇರಲಿ, ಆದರೆ ಸಡಿಲ ಇರಲಿ. ಓಡಬಾರದು, ಕಲ್ಲು ಎತ್ತಿಕೊಳ್ಳಬಾರದು.

ಕುರಿಮಂದೆ ಎದುರಾದಾಗ ಹಗ್ಗ ಬಿಟ್ಟುಕೊಂಡ ನಾಯಿ ಒಂದು ಸಲ ನುಗ್ಗಿದರೂ ಮಂದೆ ಚೆದರಿ ನಾಲೆಗೆ ಬೀಳುತ್ತದೆ. ಸಾಕುಪ್ರಾಣಿಯಿಂದ ಬೇರೆಯವರಿಗೆ ಅಪಾಯವಾಗದಂತೆ ನೋಡಿಕೊಳ್ಳದೆ ಉಪೇಕ್ಷೆ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಅಪರಾಧ. ಕಾನೂನು ಹಾಗಿರಲಿ, ಒಂದು ಕುರಿ ಸತ್ತರೆ ಬಡವನೊಬ್ಬನ ಗಂಟು ಹೋಯಿತು ಎನ್ನುವುದಷ್ಟೇ ನೆನಪಿದ್ದರೂ ಸಾಕು.

ಸೈಕಲ್ ಹುಡುಗರಿಗೆ ಒಂದು ಮಾತು. ಹಗ್ಗವನ್ನು ಹ್ಯಾಂಡಲ್ಲಿಗೆ ಸುತ್ತಿಕೊಳ್ಳಬೇಡಿ. ಓತಿಕ್ಯಾತವೊಂದು ಬೇಲಿಯಲ್ಲಿ ಸರಕ್ಕೆಂದರೆ ನಾಯಿ ಅಡ್ಡಕ್ಕೆ ಜಿಗಿಯುತ್ತದೆ, ಮುಂದಿನ ಚಕ್ರ ತಿರುಗುತ್ತದೆ, ಸೈಕಲ್ಲೂ ಸವಾರನೂ ಒಟ್ಟಿಗೆ ನಾಲೆಯಲ್ಲಿ. ಮರಿ ನಾಯಿಗಳ ಮೂಳೆ ಇನ್ನೂ ಬಲಿತಿರುವುದಿಲ್ಲ. ದೊಡ್ಡ ತಳಿಯ ನಾಯಿಗೆ ಒಂದೂವರೆ ವರ್ಷವಾದರೂ ತುಂಬುವವರೆಗೆ ಸೈಕಲ್ ಪಕ್ಕ ಓಡಿಸಬಾರದು. ವೇಗವನ್ನು ಗೊತ್ತು ಮಾಡಬೇಕಾದದ್ದು ನಾಯಿಯ ಕಾಲು, ಸೈಕಲ್ಲಿನ ಪೆಡಲ್ ಅಲ್ಲ.

ಇನ್ನು ಬಿಸಿಲು. ಮಾರ್ಚ್‌ನಿಂದ ಮೇವರೆಗೆ ಈ ಬಯಲು ಸೀಮೆಯಲ್ಲಿ ಒಂಬತ್ತು ಗಂಟೆಗೇ ನೆಲ ಕಾಯುತ್ತದೆ. ಗಾಳಿಯ ಉಷ್ಣತೆ 30 ಡಿಗ್ರಿ ಇದ್ದಾಗಲೇ ಬಿಸಿಲಿಗೆ ಬಿದ್ದ ಡಾಂಬರು 50 ಡಿಗ್ರಿ ದಾಟಬಲ್ಲದು. ಮನುಷ್ಯರ ಕಾಲಿಗೆ ಚಪ್ಪಲಿ ಇದೆ, ಮೈಗೆ ಬೆವರಿದೆ. ನಾಯಿಗೆ ಎರಡೂ ಇಲ್ಲ. ಅಂಗಾಲಿನಲ್ಲಿ ಮಾತ್ರ ಒಂದಿಷ್ಟು ಬೆವರುತ್ತದೆ, ಉಳಿದಂತೆ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಅದರ ಸಹಜ ಉಷ್ಣತೆ 38ರಿಂದ 39 ಡಿಗ್ರಿ. 41 ದಾಟಿತೆಂದರೆ ಜೀವಕ್ಕೆ ಅಪಾಯ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಐದು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ಆ ರಸ್ತೆ ನಾಯಿಯದಲ್ಲ. ನಾಲೆ ನೀರನ್ನೇ ನಂಬದೆ ಮನೆಯಿಂದಲೇ ಒಂದು ಬಾಟಲಿ ನೀರು, ಕುಡಿಸಲೊಂದು ಬಟ್ಟಲು ತರಬೇಕು. ಇಲಿಯ ಮೂತ್ರ ಸೇರಿದ ನಿಂತ ನೀರಿನಿಂದ ಇಲಿಜ್ವರ ನಾಯಿಗೂ ತಗಲುತ್ತದೆ, ನಾಯಿಯಿಂದ ಮನುಷ್ಯರಿಗೂ ಬರಬಹುದು. ಮನೆಗೆ ಬಂದ ಮೇಲೆ ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದಿ, ಕೊರಳಪಟ್ಟಿಯ ಅಡಿ ಬೆರಳಾಡಿಸಿ ಉಣ್ಣೆ ಹುಡುಕಬೇಕು. ದನ ಕುರಿ ತಿರುಗುವ ಹುಲ್ಲಿನಲ್ಲಿ ಉಣ್ಣೆ ಹತ್ತದೆ ಇರುವುದಿಲ್ಲ.

ಏರಿ ಬಿಟ್ಟು ಕಾವೇರಿಯ ದಂಡೆಗೆ ಬಂದರೆ ಲೆಕ್ಕ ಇನ್ನೊಂದು. ದಾಸನಪುರ, ಹಳೇ ಹಂಪಾಪುರ, ಮುಳ್ಳೂರು, ಹರಳೆ, ಹಳೇ ಅಣಗಳ್ಳಿ, ಯಡಕುರಿಯ ಈ ದಂಡೆಯ ಊರುಗಳು. ಬೇಸಗೆಯಲ್ಲಿ ಇಲ್ಲಿನ ಹೊಳೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತದೆ. ಮುಂಗಾರಿನಲ್ಲಿ ಕೃಷ್ಣರಾಜಸಾಗರ, ಕಬಿನಿ ಎರಡೂ ತುಂಬಿ ಒಟ್ಟಿಗೆ ನೀರು ಬಿಟ್ಟಾಗ ಅದೇ ಹೊಳೆ ಊರೊಳಗೆ ಬರುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಈ ಊರುಗಳ ಜನ ದನಕರು ಸಮೇತ ಮನೆ ಬಿಟ್ಟು ಗಂಜಿ ಕೇಂದ್ರಗಳಿಗೆ ಹೋಗಬೇಕಾಯಿತು. ಮೇಲಿನ ಅಣೆಕಟ್ಟೆಯಲ್ಲಿ ಗೇಟು ತೆರೆದದ್ದು ಇಲ್ಲಿ ನಿಂತವರಿಗೆ ಕಾಣುವುದಿಲ್ಲ. ಡಂಗುರ, ಮೈಕು, ಪಂಚಾಯಿತಿಯ ಎಚ್ಚರಿಕೆ ಬಂದ ದಿನ ನಾಯಿ ಜೊತೆ ಹೊಳೆಗೆ ಇಳಿಯುವ ಮಾತೇ ಬೇಡ. ನೀರು ಇಳಿದ ಮೇಲೂ ಕೆಲವು ದಿನ ಮೆಕ್ಕಲು ಮೆತ್ತಿಕೊಂಡ ದಂಡೆ ಕುಸಿಯುತ್ತಲೇ ಇರುತ್ತದೆ.

ಶಿವನಸಮುದ್ರದ ಹಳೆಯ ಸೇತುವೆಯೇ ಈ ಪ್ರವಾಹದ ಬಲಕ್ಕೆ ಸಾಕ್ಷಿ. ಹಾಳಾಗಿದ್ದ ಕಲ್ಲಿನ ಸೇತುವೆಯನ್ನು 19ನೇ ಶತಮಾನದ ಮೊದಲ ಭಾಗದಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬ ಜಹಗೀರದಾರರು ಮತ್ತೆ ಕಟ್ಟಿಸಿದರು. ಅದಕ್ಕೆ ವೆಲ್ಲೆಸ್ಲಿ ಸೇತುವೆ ಎಂದು ಹೆಸರಾಯಿತು, ಮೊದಲಿಯಾರರಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದು ಬಂತು. ಸಾಲುಸಾಲು ಕಲ್ಲುಕಂಬಗಳ ಮೇಲೆ ಹಾಸುಗಲ್ಲು ಹೊದಿಸಿದ ಆ ಸೇತುವೆ ಎಷ್ಟೋ ಪ್ರವಾಹ ತಡೆಯಿತು. 2018ರ ಪ್ರವಾಹದಲ್ಲಿ ಅದರ ಒಂದು ಭಾಗವೇ ಕೊಚ್ಚಿಹೋಯಿತು.

ನೀರು ತಿಳಿಯಾಗಿದ್ದಾಗಲೂ ಹೊಳೆಯಲ್ಲಿ ಒಡೆಯರಿದ್ದಾರೆ. ರಂಗನತಿಟ್ಟಿನಲ್ಲಿ ಬಂಡೆ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಯ ಜಾತಿಯೇ ಕಾವೇರಿಯ ಕೆಳಹರಿವಿನಲ್ಲೂ ಇದೆ. ಮೊಸಳೆ ಬೇಟೆ ಹಿಡಿಯುವುದು ದಂಡೆಯ ಅಂಚಿನಲ್ಲೇ, ನೀರು ಕುಡಿಯಲು ತಲೆ ಬಗ್ಗಿಸಿದ ಪ್ರಾಣಿಯನ್ನು. ನಾಯಿ ಅದಕ್ಕೆ ಹೇಳಿ ಮಾಡಿಸಿದ ಗಾತ್ರ. ಇನ್ನು ನೀರುನಾಯಿಗಳು ಗುಂಪಾಗಿ ಮೀನು ಹಿಡಿಯುವ ಮಡುಗಳೂ ಈ ಹೊಳೆಯಲ್ಲಿವೆ. ಮರಿಗಳ ಜೊತೆ ದಂಡೆಗೆ ಹತ್ತಿದ ನೀರುನಾಯಿಗಳನ್ನು ಊರ ನಾಯಿ ಅಟ್ಟಿಕೊಂಡು ಹೋದರೆ ಕಚ್ಚಿಸಿಕೊಳ್ಳುವುದು ಯಾವುದೆಂದು ಹೇಳಲಾಗದು, ಬಿಲ ಬಿಟ್ಟು ಓಡುವುದು ಮಾತ್ರ ನೀರುನಾಯಿಯೇ. ಹಾಗಾಗಿ ಹೊಳೆ ಕಾಣುವಷ್ಟು ದೂರದಲ್ಲಿ ನಡೆಯಬೇಕು, ನೀರು ಮುಟ್ಟುವಷ್ಟು ಹತ್ತಿರ ನಾಯಿಯನ್ನು ಬಿಡಬಾರದು.

ನಾಯಿಯ ಮೇಲಿನ ಪ್ರೀತಿ ಈ ನಾಡಿಗೆ ಹೊಸದಲ್ಲ. ಕೊಳ್ಳೇಗಾಲದಿಂದ ಉತ್ತರಕ್ಕೆ, ಮಳವಳ್ಳಿ ದಾಟಿದರೆ ಸಿಗುವ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗ ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಕಾದಿ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಬೂತುಗನ ಬಂಟ ಮಣಲೇರ ಮೆರೆದ ಶೌರ್ಯಕ್ಕೆ ಮೆಚ್ಚಿ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಊರನ್ನಲ್ಲ, ‘ಕಾಳಿ’ ಎಂಬ ಬೇಟೆ ನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಮಣಲೇರ ತನ್ನ ನಾಯಿಗಾಗಿ ಕಲ್ಲು ನೆಡಿಸಿದ, ಅದರ ಪೂಜೆಗೆ ಭೂಮಿ ಬಿಡಿಸಿದ. ನಾಯಿಯೂ ಹಂದಿಯೂ ಮೈಮೇಲೆ ಬಿದ್ದು ಹೋರಾಡುವ ಚಿತ್ರವಿರುವ ಆ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಸಾವಿರ ವರ್ಷವಾದರೂ ಹಂದಿ ಮಾತ್ರ ಹೋಗಿಲ್ಲ. ಕಬ್ಬಿನ ಗದ್ದೆ, ಮುಸುಕಿನ ಜೋಳದ ಹೊಲ ಅದರ ಮನೆ. ವಾಸನೆ ಹಿಡಿದು ಕಬ್ಬಿನೊಳಗೆ ನುಗ್ಗಿದ ನಾಯಿಯ ಹೊಟ್ಟೆಯನ್ನು ಹಂದಿಯ ಕೋರೆ ಸೀಳಿಬಿಡುತ್ತದೆ. ಅದಕ್ಕಿಂತ ಕೆಟ್ಟದ್ದು ಮನುಷ್ಯರು ಹಂದಿಗೆಂದು ಇಡುವ ಉರುಳು, ಕಳ್ಳ ಕರೆಂಟಿನ ತಂತಿ, ಹಿಟ್ಟಿನ ಉಂಡೆಯೊಳಗೆ ಅಡಗಿಸಿದ ಸಿಡಿಮದ್ದು. ಇವು ಕಾನೂನಿಗೆ ವಿರುದ್ಧ, ಆದರೂ ನಿಂತಿಲ್ಲ. ತಿನ್ನುವ ವಸ್ತುವೆಂದು ಬಾಯಿ ಹಾಕಿದ ನಾಯಿಯ ದವಡೆಯೇ ಹಾರಿಹೋಗುತ್ತದೆ. ಹಗ್ಗ ಕೈಯಲ್ಲಿರಲಿ ಎನ್ನುವುದು ಬೇರೆಯವರ ಹಿತಕ್ಕೆ ಮಾತ್ರ ಹೇಳುವ ಮಾತಲ್ಲ.

ಯಳಂದೂರಿಗೆ ಬರೋಣ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ಊರು, ಕೆತ್ತನೆಗೆ ಹೆಸರಾದ ಬಳೆಮಂಟಪವಿರುವ ಊರು. ವಿಸ್ತೀರ್ಣದಲ್ಲಿ ಪುಟ್ಟ ತಾಲ್ಲೂಕು. ಇಲ್ಲಿ ಸುವರ್ಣಾವತಿಯ ಆಸುಪಾಸಿನಲ್ಲಿ ಬೆಳಿಗ್ಗೆ ಸಂಜೆ ನಾಯಿ ನಡೆಸುವುದಕ್ಕೆ ಅಡ್ಡಿಯಿಲ್ಲ. ಏರಿಗೆ ಹೇಳಿದ ಮಾತೆಲ್ಲ ಇಲ್ಲಿಗೂ ಸಲ್ಲುತ್ತದೆ. ಆದರೆ ನೋಡನೋಡುತ್ತಿದ್ದಂತೆ ಬಿಳಿಗಿರಿರಂಗನ ಬೆಟ್ಟದ ಸಾಲು ಎದುರಿಗೆ ಎದ್ದು ನಿಲ್ಲುತ್ತದೆ. ಗುಂಬಳ್ಳಿ ದಾಟಿ ಚೆಕ್‌ಪೋಸ್ಟಿನ ಕಡೆ ಹೊರಟ ರಸ್ತೆಯಲ್ಲಿ ಹಳ್ಳ, ನೆರಳು, ತಂಪು ಎಲ್ಲ ಇದೆ, ನಾಯಿಯನ್ನು ಒಯ್ಯುವ ಆಸೆ ಸಹಜ. ಅಲ್ಲೇ ತಿರುಗಬೇಕು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಕಾಡು ಅಲ್ಲಿಂದ ಆರಂಭ.

ಕಾಡಿಗೆ ನಾಯಿ ಯಾಕೆ ಬೇಡ? ಮೇಲುನೋಟಕ್ಕೆ ತೋರುವ ಕಾರಣ ಹುಲಿ ಚಿರತೆಯ ಭಯ. ಒಳಗಿನ ಕಾರಣ ರೋಗ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೀಳುನಾಯಿಗಳಿವೆ. ಗುಂಪು ಕಟ್ಟಿ ಜಿಂಕೆ, ಕಡವೆ ಬೇಟೆಯಾಡುವ, ತಾಯಿಯೊಬ್ಬಳ ಮರಿಗಳನ್ನು ಗುಂಪೆಲ್ಲ ಸೇರಿ ಸಾಕುವ ಪ್ರಾಣಿ ಅದು. ಒಂದು ಕಾಲದಲ್ಲಿ ಅದನ್ನು ಪೀಡೆಯೆಂದು ಎಣಿಸಿ, ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಆ ತಪ್ಪು ಕಲ್ಪನೆ ಕಳೆಯುವುದರಲ್ಲಿ ಮೈಸೂರಿನ ಕೃಪಾಕರ ಮತ್ತು ಸೇನಾನಿ ಅವರ ಪಾಲು ದೊಡ್ಡದು. ಸೀಳುನಾಯಿಗಳ ಬೆನ್ನುಹತ್ತಿ ವರ್ಷಗಟ್ಟಲೆ ದುಡಿದು ಅವರು ಮಾಡಿದ ‘ದಿ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ, ಹಸಿರು ಆಸ್ಕರ್ ಎಂದೇ ಹೆಸರಾದ ಪಾಂಡಾ ಪ್ರಶಸ್ತಿ ಬಂತು.

ಊರ ನಾಯಿಗೆ ಬರುವ ಡಿಸ್ಟೆಂಪರ್, ಪಾರ್ವೊ, ಹುಚ್ಚು ರೋಗ ಸೀಳುನಾಯಿಗೂ ತಗಲುತ್ತವೆ. ಹಾದಿಯಲ್ಲಿ ಒಂದು ನಾಯಿ ಹೇತರೆ, ಕಂಬಕ್ಕೆ ಮೂತ್ರ ಹೊಯ್ದರೆ, ಕಾಡಿನ ಪ್ರಾಣಿ ಬಂದು ಅದನ್ನೇ ಮೂಸುತ್ತದೆ. ಡಿಸ್ಟೆಂಪರ್ ಬೆಕ್ಕಿನ ಜಾತಿಯನ್ನೂ ಬಿಡುವುದಿಲ್ಲ. ಆಫ್ರಿಕದ ಸೆರೆಂಗೆಟಿಯಲ್ಲಿ 1994ರಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಸಿಂಹಗಳು ಈ ರೋಗಕ್ಕೆ ಬಲಿಯಾದವು. ಗುಜರಾತಿನ ಗಿರ್ ಕಾಡಿನಲ್ಲಿ 2018ರಲ್ಲಿ ಸಿಂಹಗಳು ಸಾಲಾಗಿ ಸತ್ತಾಗಲೂ ಇದೇ ವೈರಸ್ ಪತ್ತೆಯಾಯಿತು. ಅಭಯಾರಣ್ಯದ ಒಳಗೂ ಅದರಿಂದ ಐದು ಕಿಲೋಮೀಟರ್ ಒಳಗಿನ ಊರುಗಳಲ್ಲೂ ಇರುವ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗದ ಲಸಿಕೆ ಹಾಕಿಸಬೇಕೆಂದು ವನ್ಯಜೀವಿ ಸಂರಕ್ಷಣಾ ಕಾಯಿದೆಯ 33ಎ ಕಲಂ ಹೇಳುವುದು ಇಂಥ ಭಯಕ್ಕೇ. ದನಕ್ಕೆ ಹೇಳಿದ ಎಚ್ಚರ ನಾಯಿಗೆ ಇನ್ನೂ ಹೆಚ್ಚು ಬೇಕು. ಬೆಟ್ಟದ ಬುಡದ ಊರುಗಳಲ್ಲಿ ನಾಯಿಗೆ ಲಸಿಕೆ ಹಾಕಿಸಿದವರು ತಮ್ಮ ನಾಯಿಯನ್ನೂ ಉಳಿಸುತ್ತಾರೆ, ಕಾಣದ ಕಾಡಿನ ಪ್ರಾಣಿಯನ್ನೂ ಉಳಿಸುತ್ತಾರೆ.

ಹನೂರಿನಲ್ಲಿ ಲೆಕ್ಕ ಸಲೀಸು. ಇಲ್ಲಿ ಕಾವೇರಿಯ ದಂಡೆಯೆಂದರೆ ಬಹುತೇಕ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ. ಅದಕ್ಕೆ ಅಂಟಿಕೊಂಡಂತೆ 2013ರಲ್ಲಿ ಆದದ್ದು ಮಲೆ ಮಹದೇಶ್ವರ ವನ್ಯಜೀವಿಧಾಮ. ಹೊಳೆಯ ಎರಡೂ ಕಡೆ ಹೊಳೆಮತ್ತಿ ಮರಗಳು ಬೇರು ಚಾಚಿ ನಿಂತಿವೆ. ಅವುಗಳ ಕೊಂಬೆಯಿಂದ ಕೊಂಬೆಗೆ, ನೆಲಕ್ಕೆ ಕಾಲಿಡದೆ ಓಡಾಡುವ ಬೂದು ಬಣ್ಣದ ದೊಡ್ಡ ಅಳಿಲು ಕರ್ನಾಟಕದಲ್ಲಿ ಕಾಣಸಿಗುವುದು ಈ ಕಡೆ. ಆನೆಗಳು ನೀರಿಗೆ ಬರುವ ದಾರಿಯೂ ಇದೇ. ಆನೆ ಕಂಡ ನಾಯಿ ಬೊಗಳುತ್ತದೆ, ಆನೆ ಅಟ್ಟಿಸಿಕೊಂಡು ಬಂದಾಗ ರಕ್ಷಣೆಗೆ ಓಡಿಬರುವುದು ಯಜಮಾನನ ಕಾಲ ಬಳಿಗೇ. ಆನೆಯೂ ಅದರ ಹಿಂದೆಯೇ ಬರುತ್ತದೆ.

ಚಿರತೆಗಂತೂ ನಾಯಿ ನೆಚ್ಚಿನ ಆಹಾರ. ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಚಿರತೆಗಳು ತಿಂದ ಒಟ್ಟು ಆಹಾರದ ತೂಕದಲ್ಲಿ ನಾಯಿಯ ಪಾಲೇ ಶೇಕಡಾ 39. ನಮ್ಮ ಕಾವೇರಿ, ಮಹದೇಶ್ವರ ಬೆಟ್ಟದ ಕಾಡುಗಳಲ್ಲೂ ಚಿರತೆಗಳಿವೆ. ಸಂಜಯ್ ಗುಬ್ಬಿ ಅವರ ತಂಡ ಇಲ್ಲಿ ಕ್ಯಾಮೆರಾ ಕಟ್ಟಿ ಅವುಗಳ ಅಧ್ಯಯನ ಮಾಡಿದೆ. ಕಾಡಂಚಿನ ಊರಿನಲ್ಲಿ ಕತ್ತಲಾದ ಮೇಲೆ ನಾಯಿ ಜೊತೆ ಹೊರಡುವುದೆಂದರೆ ಚಿರತೆಯನ್ನು ತಾನೇ ಹತ್ತಿರ ಕರೆದುಕೊಂಡಂತೆ. ರಾತ್ರಿ ನಾಯಿಯನ್ನು ಬಾಗಿಲ ಹೊರಗೆ ಕಟ್ಟಿಹಾಕುವುದೂ ಅಷ್ಟೇ. ಕಟ್ಟಿದ ನಾಯಿಗೆ ಓಡಲೂ ದಾರಿಯಿಲ್ಲ.

ಹನೂರಿನ ಹೊಳೆ ದಾರಿಯಲ್ಲಿ ನಡೆಯುವವರೇ ಇಲ್ಲವೆಂದಲ್ಲ. ಶಿವರಾತ್ರಿ ಹತ್ತಿರವಾಯಿತೆಂದರೆ ರಾಮನಗರ, ಕನಕಪುರ ಕಡೆಯಿಂದ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ ಭಕ್ತರು ಸಂಗಮದ ಬಳಿ ಕಾವೇರಿ ದಾಟಿ, ಕಾಡು ಹಾದು, ಶಾಗ್ಯದ ಮೇಲೆ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಬರುತ್ತಾರೆ. ಅವರು ಗುಂಪಾಗಿ, ಹರಕೆ ಹೊತ್ತು, ಅರಣ್ಯ ಇಲಾಖೆಯ ಕಣ್ಗಾವಲಿನಲ್ಲಿ ಬರುವವರು. ಅನ್ನದ ವಾಸನೆ ಹಿಡಿದು ಊರ ನಾಯಿ ಗುಂಪನ್ನು ಹಿಂಬಾಲಿಸಿದರೆ ಕಾಡಿನ ಅಂಚಿನಲ್ಲೇ ಅದನ್ನು ವಾಪಸು ಅಟ್ಟುವುದು ಪುಣ್ಯದ ಕೆಲಸ.

ಚಾಮರಾಜನಗರ ಜಿಲ್ಲೆಯ ಕಾಡಿನಲ್ಲಿ ಕೆಲಸ ಮಾಡಿದ ನಾಯಿಯೂ ಇದೆ. ಬಂಡೀಪುರದ ‘ರಾಣಾ’ ಎಂಬ ಜರ್ಮನ್ ಷೆಫರ್ಡ್, ವನ್ಯಜೀವಿ ಅಪರಾಧ ಪತ್ತೆಗೆಂದು ಭೋಪಾಲದಲ್ಲಿ ತರಬೇತಾಗಿ ಬಂದದ್ದು. 2019ರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಕಡೆ ಇಬ್ಬರನ್ನು ಕೊಂದ ಹುಲಿಯ ಜಾಡು ಹಿಡಿಯುವ ಕಾರ್ಯಾಚರಣೆಯಲ್ಲಿ ಅದೂ ದುಡಿಯಿತು. ಆದರೆ ಅದು ತಾನಾಗಿ ಕಾಡಿಗೆ ನುಗ್ಗಿದ ನಾಯಿಯಲ್ಲ. ಲಸಿಕೆ, ತರಬೇತಿ, ಪಕ್ಕದಲ್ಲಿ ಸದಾ ನಡೆಸುವವರು ಇದ್ದ ನಾಯಿ.

ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದ ಹುಚ್ಚುನಾಯಿ ರೋಗ, ಅಂದರೆ ರೇಬಿಸ್. 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಪ್ರಾಂತ್ಯದಲ್ಲಿ ನಾಯಿ ಕಚ್ಚಿದವರಿಗೆ ಚಿಕಿತ್ಸೆ ಕೊಡಲೆಂದು 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಸ್ಚರ್ ಸಂಸ್ಥೆ ತೆರೆಯಿತು. ಇವತ್ತು ಸೂಜಿಗಾಗಿ ಬೆಟ್ಟ ಹತ್ತಬೇಕಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಕಚ್ಚಿದ, ಪರಚಿದ ಗಾಯವನ್ನು ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಬಾರದು. ಆ ದಿನವೇ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದ ದಿನಗಳಲ್ಲಿ ಒಂದೂ ತಪ್ಪದೆ ಉಳಿದವು. ರಕ್ತ ಬಂದಿದ್ದರೆ ಗಾಯದ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಕೊಡಿಸಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ವಿರಳ. ಮನುಷ್ಯರಿಗೆ ಬಂದ ಹುಚ್ಚುನಾಯಿ ರೋಗದ ಪ್ರಕರಣವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶ ಮಾಡಿತು.

ಏರಿಗಳ ವಿಷಯದಲ್ಲಿ ಕೇಳಿಕೊಳ್ಳಬೇಕಾದದ್ದು ದೊಡ್ಡದೇನಲ್ಲ. ಸಿಮೆಂಟು ಹೊದಿಸುವಾಗ ಮೆಟ್ಟಿಲುಗಳನ್ನು ಹತ್ತಿರ ಹತ್ತಿರ ಕಟ್ಟಬೇಕು, ನಡುವೆ ಹಿಡಿದು ಹತ್ತಲು ಕಬ್ಬಿಣದ ಸರಪಳಿ ಇಳಿಬಿಡಬೇಕು. ನೀರು ಬಿಡುವ ದಿನವನ್ನು ತೂಬಿನ ಬಳಿ ಫಲಕದಲ್ಲಿ ಬರೆಯಬೇಕು. ಇವು ನಾಯಿಗಷ್ಟೇ ಅಲ್ಲ, ಸ್ಕೂಲಿನಿಂದ ಏರಿ ಮೇಲೆ ಮನೆಗೆ ಹೋಗುವ ಮಕ್ಕಳಿಗೂ ಬೇಕಾದವು. ಗ್ರಾಮ ಪಂಚಾಯಿತಿಗಳು ಪಶುಪಾಲನಾ ಇಲಾಖೆಯ ಜೊತೆ ಸೇರಿ ದಂಡೆಯ ಊರುಗಳಲ್ಲೂ ಕಾಡಂಚಿನ ಊರುಗಳಲ್ಲೂ ನಾಯಿಗಳಿಗೆ ಲಸಿಕೆ ಶಿಬಿರ ನಡೆಸಿದರೆ, ಪಂಪ್‌ಸೆಟ್ ಮನೆ ಕಾಯುವ ನಾಟಿ ನಾಯಿಗೂ ಅದು ಸಿಗುತ್ತದೆ.

ನಾಯಿ ಸಾಕಿದವರ ಕೈಯಲ್ಲಿ ಆಗುವ ಕೆಲಸ ನಾಳೆಯೇ ಶುರುವಾಗಬಹುದು. ಮರಿಗೆ ಮೂರು ತಿಂಗಳು ತುಂಬಿದಾಗ ಮೊದಲ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಬೂಸ್ಟರ್, ಅಲ್ಲಿಂದಾಚೆ ವರ್ಷಕ್ಕೊಂದು. ಡಿಸ್ಟೆಂಪರ್, ಪಾರ್ವೊ, ಇಲಿಜ್ವರಕ್ಕೆ ಸೇರಿ ಒಂದೇ ಸೂಜಿಯಲ್ಲಿ ಕೊಡುವ ಲಸಿಕೆಯೂ ಉಂಟು. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಹೊತ್ತಿಗೆ ಹಲವು ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಹಾಕುತ್ತಾರೆ. ಕೊಳ್ಳೇಗಾಲ, ಯಳಂದೂರು, ಹನೂರಿನವರು ತಮ್ಮ ಹತ್ತಿರದ ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು. ಸಾಕಿದ ನಾಯಿಯ ಜೊತೆಗೆ ಬೀದಿಯಲ್ಲಿ ಅನ್ನ ಹಾಕುವ ನಾಯಿಯನ್ನೂ ಕರೆದುಕೊಂಡು ಹೋಗಿ, ಕಾರ್ಡು ಮಾಡಿಸಿ, ಮುಂದಿನ ವರ್ಷದ ತಾರೀಖನ್ನು ಅದರಲ್ಲಿ ಬರೆಸಿಕೊಂಡು ಬರಬೇಕು.